ನಾಲ್ಕು ಗ್ರಾಂ ಸಕ್ಕರೆಯ ಬಾರ್

ಶಶಿಪ್ರಭಾ ಟೀಚರ್ ಮೂವತ್ತಮೂರು ವರ್ಷ ಅಳದಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿಯಾಗಿ ಎಂಟು ತಿಂಗಳಾದಾಗ ಮೂಡುಬಿದಿರೆಯ ಡಾಕ್ಟರು ಅವರ ರಕ್ತಪರೀಕ್ಷೆಯ ವರದಿ ನೋಡಿ, "ಸಕ್ಕರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ ಟೀಚರ್. ಗೇಟಿನ ಹತ್ತಿರ ನಿಂತು ಬೆಲ್ ಒತ್ತುತ್ತಾ ಉಂಟು" ಎಂದರು. ಸಂಜೆ ನಾಲ್ಕರ ಚಹಾದ ಜೊತೆ ತಿನ್ನುವ ಬಿಸ್ಕೆಟು ಬಿಡಬೇಕು, ಅದರ ಬದಲು ಪ್ರೋಟೀನ್ ಇರುವಂಥದ್ದು ಏನಾದರೂ ತಿನ್ನಬೇಕು ಎಂದೂ ಹೇಳಿದರು.

ಟೀಚರಿಗೆ ಬೇರೆ ಯಾವುದನ್ನು ಬಿಡಲೂ ಕಷ್ಟವಿರಲಿಲ್ಲ. ಆದರೆ ನಾಲ್ಕು ಗಂಟೆಯ ಬಿಸ್ಕೆಟು ಸ್ಟಾಫ್ ರೂಮಿನಿಂದ ಅಂಟಿಕೊಂಡು ಬಂದದ್ದು. ಶಾಲೆಯ ಗಂಟೆ ಈಗ ಕೇಳಿಸದಿದ್ದರೂ ಹೊಟ್ಟೆಯೊಳಗೆ ಮಾತ್ರ ಅದು ಸರಿಯಾಗಿ ನಾಲ್ಕಕ್ಕೆ ಹೊಡೆಯುತ್ತಿತ್ತು. ಮಂಗಳೂರಿನ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗಳು ದೀಕ್ಷಿತಾ ಫೋನಿನಲ್ಲೇ ಪರಿಹಾರ ಹೇಳಿದಳು. "ಗ್ರನೋಲಾ ಬಾರ್ ತಗೊಳ್ಳಿ ಅಮ್ಮ, ಓಟ್ಸ್, ಬೀಜ ಎಲ್ಲ ಸೇರಿಸಿ ಚಿಕ್ಕಿಯ ಹಾಗೆ ಮಾಡಿದ್ದು. ಪ್ರೋಟೀನ್ ಬಾರ್ ಕೂಡ ಉಂಟು. ಅದರಲ್ಲಿ ಸಕ್ಕರೆ ಕಮ್ಮಿ ಇರ್ತದೆ."

ಹಾಗೆ ಒಂದು ಸೋಮವಾರ ಟೀಚರ್ ಗಂಡನನ್ನು ಕರೆದುಕೊಂಡು ವಾಮದಪದವಿನಿಂದ ಬಸ್ಸು ಹತ್ತಿ ಮೂಡುಬಿದಿರೆಗೆ ಬಂದರು.

ಗಂಡ ಸಂಕಪ್ಪನವರ ಬಗ್ಗೆ ಇಲ್ಲಿಯೇ ಹೇಳಬೇಕು. ಮೂವತ್ತೈದು ವರ್ಷ ಪುಣೆಯಲ್ಲಿ ಹೋಟೆಲು ನಡೆಸಿ, ಅದನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟು ಹಿಂದಿನ ವರ್ಷವಷ್ಟೇ ಊರಿಗೆ ಬಂದಿದ್ದರು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಅವರು ಊರಿಗೆ ಬರುತ್ತಿದ್ದದ್ದು ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳು. ಗಣಿತದ ಟೀಚರಾದ್ದರಿಂದ ಶಶಿಪ್ರಭಾ ಒಮ್ಮೆ ಕೂಡಿಸಿ ನೋಡಿದ್ದರು. ಅವರು ಊರಲ್ಲಿ ನೆಲೆಸುವ ಮೊದಲು ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಎರಡೂವರೆ ವರ್ಷ. ಜಗಳವಾಡುವಷ್ಟು ಪರಿಚಯವೂ ಅವರಿಬ್ಬರ ನಡುವೆ ಇರಲಿಲ್ಲ. ಒಬ್ಬರಿಗೊಬ್ಬರು ನೆಂಟರ ಹಾಗೆ, "ಚಹಾ ಆಗಬಹುದಾ?", "ಇಲ್ಲ ಇಲ್ಲ, ನಿಧಾನಕ್ಕೆ ಮಾಡು" ಎಂದುಕೊಂಡು ದಿನ ಕಳೆಯುತ್ತಿದ್ದರು.

ಆ ದಿನವೂ ಸಂಕಪ್ಪನವರು, "ನೀನು ಸಾಮಾನು ತೆಗೆದುಕೋ, ನಾನು ಎದುರಿನ ಹೋಟೆಲಿನಲ್ಲಿ ಕೂತಿರ್ತೇನೆ" ಎಂದು ಹೊರಗೇ ಉಳಿದರು. ಟೀಚರ್ ಒಬ್ಬರೇ ಸೂಪರ್ ಮಾರ್ಕೆಟಿನ ಒಳಗೆ ಹೋದರು.

ಗ್ರನೋಲಾ ಬಾರುಗಳು ಮೂರನೆಯ ಸಾಲಿನಲ್ಲಿದ್ದವು. ಹಸಿರು ಪೊಟ್ಟಣದ ಮೇಲೆ ಎಲೆಯ ಚಿತ್ರ, ಓಡುವ ಹುಡುಗಿಯ ಚಿತ್ರ. ಟೀಚರ್ ಪೊಟ್ಟಣದ ಮುಖವನ್ನು ನಂಬುವವರಲ್ಲ. ಅವರು ಉತ್ತರಪತ್ರಿಕೆಯನ್ನು ಕೂಡ ಹಿಂದಿನ ಪುಟದಿಂದ ತಿದ್ದಲು ಸುರು ಮಾಡುತ್ತಿದ್ದವರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪೊಟ್ಟಣವನ್ನು ತಿರುಗಿಸಿದರು. ಇರುವೆಯಷ್ಟು ಚಿಕ್ಕ ಅಕ್ಷರ. ಓದುವಾಗ ಬಾಯಿ ತಾನಾಗಿ ತೆರೆದುಕೊಂಡಿತು. ಮೂವತ್ತಮೂರು ವರ್ಷ ಕೊನೆಯ ಬೆಂಚಿಗೆ ಕೇಳಿಸಿದ ಗಂಟಲು ಅದು.

"ನೂರು ಗ್ರಾಮಿಗೆ ಸಕ್ಕರೆ ಮೂವತ್ತೆರಡೂವರೆ ಗ್ರಾಂ! ಬಾರಿನ ತೂಕ ನಲವತ್ತು ಗ್ರಾಂ. ಹಾಗಾದರೆ ಒಂದು ಬಾರಿನಲ್ಲಿ ಎಷ್ಟು?"

ಪಕ್ಕದಲ್ಲಿ ತೋಳಿಲ್ಲದ ಬನಿಯನ್ ಹಾಕಿಕೊಂಡಿದ್ದ ಒಬ್ಬ ತರುಣ ಬೆಚ್ಚಿಬಿದ್ದು, "ಹದಿಮೂರು" ಎಂದ.

"ಸರಿ. ಒಂದು ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೆ?"

"ಮೂರು ಚಮಚಕ್ಕಿಂತ ಮೇಲೆ."

"ಮೂರು ಚಮಚ ಸಕ್ಕರೆ ಹಾಕಿ ಯಾರಾದರೂ ಚಹಾ ಕುಡಿತಾರಾ ಮಾರಾಯ? ನಿನ್ನ ಹೆಸರೇನು?"

ಅವನ ಹೆಸರು ರಂಜಿತ್. ಜಿಮ್ಮಿಗೆ ಹೋಗುವವನು. ಟೀಚರ್ ಎರಡನೆಯ ಪೊಟ್ಟಣ ತೆಗೆದರು. ಅದರ ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು. ತಿರುಗಿಸಿ ನೋಡಿದರೆ ಅರ್ಧದಷ್ಟು ಖರ್ಜೂರದ ಪೇಸ್ಟು. ಅದರ ಲೆಕ್ಕ ಹದಿನಾಲ್ಕು ಗ್ರಾಮಿಗೆ ಬಂತು. "ಖರ್ಜೂರ ಒಳ್ಳೆಯದೇ. ಆದರೆ ಸಕ್ಕರೆ ಬುರ್ಖಾ ಹಾಕಿಕೊಂಡರೆ ಕೂಡಿಸುವಾಗ ಬಿಟ್ಟುಬಿಡ್ತೇವಾ?" ಎಂದು ಟೀಚರ್ ಹೇಳಿದ್ದು ಕೇಳಿ ಬುರ್ಖಾದೊಳಗಿನ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಅಷ್ಟು ಹೊತ್ತಿಗೆ ಐದಾರು ಜನ ಸೇರಿದ್ದರು. ಯಾರೋ ಒಬ್ಬರು ತಮ್ಮ ಬುಟ್ಟಿಯಿಂದ ಮಗುವಿನ ಹಾಲಿಗೆ ಬೆರೆಸುವ ಪುಡಿಯ ಡಬ್ಬಿ ತೆಗೆದು, "ಇದನ್ನೂ ಒಮ್ಮೆ ನೋಡಿ ಟೀಚರ್" ಎಂದರು.

ರಂಜಿತ್ ತನ್ನ ಕೈಯಲ್ಲಿದ್ದ ದೊಡ್ಡ ಪ್ರೋಟೀನ್ ಬಾರನ್ನು ಹೆಮ್ಮೆಯಿಂದ ಮುಂದೆ ಚಾಚಿದ. "ಇದು ಪಾಸ್ ಆಗ್ತದೆ. ಸಕ್ಕರೆ ಮೂರೇ ಗ್ರಾಂ, ಪ್ರೋಟೀನ್ ಇಪ್ಪತ್ತು."

ಟೀಚರ್ ಓದಿದರು. "ಹೌದು, ಒಳ್ಳೆಯ ಅಂಕ. ಆದರೆ ಇದೆಂಥ, ಮಾಲ್ಟಿಟಾಲ್?" ಮೊಬೈಲಿನಲ್ಲಿ ಹುಡುಕಿ ಅದನ್ನೂ ಗಟ್ಟಿಯಾಗಿಯೇ ಓದಿದರು. "ಸಕ್ಕರೆಯ ಬದಲಿಗೆ ಹಾಕುವ ಸಿಹಿ ಪದಾರ್ಥ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ವಾಯು, ಭೇದಿ ಆಗಬಹುದು."

ರಂಜಿತ್ ತನ್ನ ಬಾರನ್ನು ವಾಪಸು ತೆಗೆದುಕೊಂಡ. ಮತ್ತೆ ಬಹಳ ಮೆಲ್ಲಗೆ, "ನಾನು ದಿನಕ್ಕೆ ಮೂರು ತಿನ್ತೇನೆ ಟೀಚರ್. ಅದಕ್ಕೇ ಜಿಮ್ಮಿನಲ್ಲಿ ನನ್ನ ಹಿಂದೆ ಯಾರೂ ನಿಲ್ಲುವುದಿಲ್ಲ" ಎಂದ.

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಟೀಚರ್ ಪಾಠ ಮಾಡುವಾಗ ಒಂದು ದಿನವೂ ಮಕ್ಕಳೆದುರು ಹಲ್ಲು ತೋರಿಸಿದವರಲ್ಲ. ಈಗ ನಗು ತಡೆಯಲಾಗದೆ ಅಕ್ಕಿಯ ಗೋಣಿಯ ಮೇಲೆ ಕೂತುಬಿಟ್ಟರು. ಕಣ್ಣೀರು ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಅಂಗಡಿಯ ಯಜಮಾನ ಶಾಫಿ ಕೈಮುಗಿದು ನಿಂತಿದ್ದ. ಅವನು ಇಪ್ಪತ್ತು ವರ್ಷದ ಹಿಂದೆ ಅವರದ್ದೇ ಕ್ಲಾಸಿನಲ್ಲಿ ಇದ್ದವನು. ಹತ್ತನೆಯ ತರಗತಿಯ ಗಣಿತದಲ್ಲಿ ಸರಿಯಾಗಿ ಮೂವತ್ತೈದು ತೆಗೆದು ದಡ ಸೇರಿದವನು.

"ಟೀಚರ್, ನಿಮ್ಮ ಕಾಲಿಗೆ ಬೀಳ್ತೇನೆ, ಸ್ವಲ್ಪ ಮೆಲ್ಲ ಓದಿ. ಎಲ್ಲರೂ ಬಾರುಗಳನ್ನು ವಾಪಸು ಇಟ್ಟು ಹೋಗ್ತಾ ಇದ್ದಾರೆ."

"ನಾನು ಸುಳ್ಳು ಓದಿದೆನಾ ಶಾಫಿ?"

"ಇಲ್ಲ ಟೀಚರ್. ಅದೇ ತೊಂದರೆ." ಅವನಿಗೂ ನಗು ಬಂತು. "ಒಂದು ಕೆಲಸ ಮಾಡಿ. ನಿಮ್ಮ ಲೆಕ್ಕದಲ್ಲಿ ಪಾಸಾಗುವ ಬಾರು ನೀವೇ ಮಾಡಿ ತನ್ನಿ. ನಾನು ಕ್ಯಾಶ್ ಕೌಂಟರಿನ ಪಕ್ಕದಲ್ಲೇ ಇಡ್ತೇನೆ."

ಅವನು ಹೇಳಿದ್ದು ಟೀಚರನ್ನು ಸಾಗಹಾಕಲಿಕ್ಕೆ. ಆದರೆ ಟೀಚರಿಗೆ ಅದು ಸವಾಲಿನಂತೆ ಕೇಳಿಸಿತು. ಮನೆಗೆ ಬರುವ ಬಸ್ಸಿನಲ್ಲಿ ಅವರು ಗಂಡನಿಗೆ ನಡೆದದ್ದೆಲ್ಲ ಹೇಳಿದರು. ರಂಜಿತನ ಮಾತಿಗೆ ಬಂದಾಗ ಮತ್ತೆ ನಗು ಉಕ್ಕಿ ಮಾತು ಮುಂದೆ ಹೋಗಲಿಲ್ಲ. ಹೆಂಡತಿ ಹೀಗೆ ನಗುವುದನ್ನು ಸಂಕಪ್ಪನವರು ನೋಡಿಯೇ ಇರಲಿಲ್ಲ. ಕಿಟಕಿಯ ಹೊರಗೆ ನೋಡಿದ ಹಾಗೆ ಮಾಡಿ ಅವರನ್ನೇ ನೋಡಿದರು.

"ನಾವು ಮಾಡುವ ಬಾರಿನಲ್ಲಿ ನಾಲ್ಕು ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರಬಾರದು" ಎಂದರು ಟೀಚರ್.

"ಆಗ್ಲಿಕ್ಕಿಲ್ಲ" ಎಂದರು ಸಂಕಪ್ಪ. "ಪಾಕ ಇಲ್ಲದೆ ಚಿಕ್ಕಿ ಹಿಡಿಯುವುದಿಲ್ಲ. ಸಕ್ಕರೆ ಅದರಲ್ಲಿ ರುಚಿಗೆ ಅಂತ ತಿಳಿದೆಯಾ? ಅದು ಸಿಮೆಂಟು."

ಮೂವತ್ತೊಂದು ವರ್ಷದಲ್ಲಿ ಅವರು ಹೆಂಡತಿಗೆ 'ಆಗ್ಲಿಕ್ಕಿಲ್ಲ' ಎಂದದ್ದು ಅದೇ ಮೊದಲು. ಟೀಚರಿಗೆ ಯಾಕೋ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಅಡುಗೆಮನೆಗೆ ಇಳಿದರು. ನೆಲಕಡಲೆ ಹುರಿದು ಸಿಪ್ಪೆ ತೆಗೆದರು. ಪುಟಾಣಿ, ಎಳ್ಳು, ಕುಂಬಳಬೀಜ, ಓಟ್ಸ್ ಬಿಸಿ ಮಾಡಿದರು. ಹದಿನೈದು ಖರ್ಜೂರ ನೆನೆಸಿ ಅರೆದು ಎಲ್ಲವನ್ನೂ ಕಲಸಿ ತಟ್ಟೆಗೆ ಒತ್ತಿದರು. ಹತ್ತು ಗಂಟೆಗೆ ಕತ್ತಿ ತಾಗಿಸಿದರೆ ಎಲ್ಲವೂ ಹರಳು ಹರಳಾಗಿ ಉದುರಿತು. ಸಂಕಪ್ಪನವರು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಟೀಚರಿಗೆ ಸಹಿಸಲಾಗಲಿಲ್ಲ.

"ಹೇಳಿ, ಹೇಳಿಬಿಡಿ. ಸಿಮೆಂಟು ಇಲ್ಲ ಅಂತ."

"ನಾನೆಲ್ಲಿ ಹೇಳಿದೆ?" ಎಂದು ಅವರು ಆ ಪುಡಿಯನ್ನು ಬಟ್ಟಲಿಗೆ ಹಾಕಿ ಮೊಸರು ಬೆರೆಸಿ ಚಮಚದಲ್ಲಿ ತಿಂದರು. "ಒಳ್ಳೆದುಂಟು. ಇದಕ್ಕೇ ಅಲ್ವಾ ಗ್ರನೋಲಾ ಅನ್ನುವುದು? ಹಿಡಿಯದೆ ಹೋದರೆ ಗ್ರನೋಲಾ, ಹಿಡಿದರೆ ಬಾರು."

ಅವರು ಎರಡು ದಿನ ಬೆಳಿಗ್ಗೆ ಅದನ್ನೇ ತಿಂದು ಮುಗಿಸಿದರು.

ಎರಡನೆಯ ಸಲ ಪ್ರೋಟೀನ್ ಪುಡಿ ಹಾಕುವ ಎಂದವರು ಟೀಚರ್. ಔಷಧಿ ಅಂಗಡಿಯಿಂದ ಡಬ್ಬಿ ತಂದು, ಹಿಂದಿನ ಸಲದ ಸಿಟ್ಟಿಗೆ ನಾಲ್ಕು ಸೌಟು ಜಾಸ್ತಿಯೇ ಸುರಿದರು. ಆ ಪುಡಿ ಇದ್ದಬದ್ದ ಪಸೆಯನ್ನೆಲ್ಲ ಕುಡಿದುಬಿಟ್ಟಿತು. ಈ ಸಲ ತಟ್ಟೆಯಲ್ಲಿ ಎಷ್ಟು ಚೆಂದಕ್ಕೆ ಹಿಡಿಯಿತೆಂದರೆ ಕತ್ತಿ ಹೋಗಲಿಲ್ಲ. ತಟ್ಟೆಯಿಂದ ಅದನ್ನು ಬಿಡಿಸಲೂ ಆಗಲಿಲ್ಲ. ಸಂಕಪ್ಪನವರು ಲುಂಗಿ ಎತ್ತಿ ಕಟ್ಟಿ, ತಟ್ಟೆಯನ್ನು ಕಿಟಕಿಯ ದಂಡೆಯ ಮೇಲೆ ಓರೆಯಾಗಿ ಹಿಡಿದು, ಒನಕೆಯ ತುದಿಯಿಂದ ಒಂದು ಏಟು ಹಾಕಿದರು. ಬಾರಿನ ತುಂಡೊಂದು ಟಣ್ಣೆಂದು ಹಾರಿ ಕಿಟಕಿಯಿಂದ ಹೊರಗೆ ಹೋಯಿತು. ಆಚೆಯಿಂದ ತಗಡಿನ ಮಾಡಿಗೆ ಏನೋ ಬಡಿದ ಸದ್ದು, ಹಿಂದೆಯೇ ನಾಲ್ಕು ಕೋಳಿಗಳ ಬೊಬ್ಬೆ.

ಐದು ನಿಮಿಷಕ್ಕೆ ನೆರೆಮನೆಯ ರುಖಿಯಮ್ಮ ಅಂಗೈಯಲ್ಲಿ ಆ ತುಂಡನ್ನು ಹಿಡಿದುಕೊಂಡು ಬಂದರು. ಮದುವೆಮನೆಗಳಿಗೆ ಸಿಹಿತಿಂಡಿ ಮಾಡಿಕೊಡುವ ಎಪ್ಪತ್ತರ ಹೆಂಗಸು.

"ಟೀಚರಮ್ಮ, ನಿಮ್ಮ ಮನೆಯಿಂದ ಕಲ್ಲು ಬಂತು."

"ಅದು ಕಲ್ಲಲ್ಲ ರುಖಿಯಮ್ಮ" ಎಂದರು ಟೀಚರ್ ಮುಖ ಕೆಂಪಗೆ ಮಾಡಿಕೊಂಡು. "ತಿಂಡಿ."

ರುಖಿಯಮ್ಮ ಅದನ್ನು ಮೂಸಿ ನೋಡಿದರು. ಹಲ್ಲಿಗೆ ತಾಗಿಸಿ ಬೇಗ ಹೊರಗೆ ತೆಗೆದರು. "ಕೋಳಿ ಕೂಡ ಹತ್ತಿರ ಹೋಗ್ಲಿಲ್ಲ!"

ಮೊದಲು ನಕ್ಕವರು ಸಂಕಪ್ಪ. ಒನಕೆ ಹಿಡಿದುಕೊಂಡೇ ಗೋಡೆಗೆ ಒರಗಿ ನಗತೊಡಗಿದರು. ಅವರನ್ನು ನೋಡಿ ಟೀಚರಿಗೆ ಹತ್ತಿಕೊಂಡಿತು. ಯಾಕೆಂದು ಪೂರ್ತಿ ಗೊತ್ತಿಲ್ಲದಿದ್ದರೂ ರುಖಿಯಮ್ಮನೂ ಸೇರಿಕೊಂಡರು. ನಗು ಮುಗಿದ ಮೇಲೆ ಕುಡಿಯಲು ನೀರು ಕೊಟ್ಟು ಟೀಚರ್ ಎಲ್ಲ ಕತೆ ಹೇಳಿದರು.

"ಪಾಕ ಬೇಡ, ಬೆಲ್ಲ ಬೇಡ, ಹಿಡಿಯಬೇಕು" ಎಂದು ರುಖಿಯಮ್ಮ ತಮಗೆ ತಾವೇ ಹೇಳಿಕೊಂಡರು. "ಮೊಟ್ಟೆಯ ಬಿಳಿ ಹಾಕಿ ನೋಡಿದಿರಾ?"

ಯಾರೂ ನೋಡಿರಲಿಲ್ಲ. ರುಖಿಯಮ್ಮನ ಮನೆಯಲ್ಲಿ ಆ ದಿನ ಮುಟ್ಟೆಮಾಲೆಯ ಕೆಲಸ ನಡೆದಿತ್ತು. ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆಪಾಕಕ್ಕೆ ನೂಲಿನ ಹಾಗೆ ಬಿಟ್ಟು ಮಾಡುವ ಮದುವೆಯ ತಿಂಡಿ ಅದು. ಹಳದಿಯೆಲ್ಲ ಪಾಕಕ್ಕೆ ಹೋದರೆ ಬಿಳಿಯೆಲ್ಲ ಪಾತ್ರೆಯಲ್ಲಿ ಉಳಿಯುತ್ತದೆ. "ನಲವತ್ತು ಮೊಟ್ಟೆಯ ಬಿಳಿ ಉಂಟು ಮನೆಯಲ್ಲಿ. ಎಷ್ಟು ಬೇಕಾದರೂ ಕೊಂಡುಹೋಗಿ. ಬೇಯಿಸಲಿಕ್ಕೆ ನನ್ನ ಓವನ್ನೂ ಉಂಟು."

ಮೂರನೆಯ ಬಾರು ಹೀಗೆ ರುಖಿಯಮ್ಮನ ಅಡುಗೆಮನೆಯಲ್ಲಿ ಆಯಿತು. ಒಂದು ಒಲೆಯಲ್ಲಿ ಪಾಕ ಗುಳುಗುಳು ಕುದಿಯುತ್ತಿತ್ತು. ಟೀಚರ್ ಅದಕ್ಕೆ ಬೆನ್ನು ಹಾಕಿ ನಿಂತು ತಕ್ಕಡಿಯಲ್ಲಿ ತೂಗಿ ತೂಗಿ ಹಾಕಿದರು. ನೆಲಕಡಲೆಯಲ್ಲಿ ಅರ್ಧವನ್ನು ಎಣ್ಣೆ ಬಿಡುವ ತನಕ ಅರೆದರು. ಖರ್ಜೂರ ನೂರು ಗ್ರಾಂ, ಅದರ ಮೇಲೆ ಒಂದು ಹಣ್ಣೂ ಇಲ್ಲ. ಎರಡು ಮೊಟ್ಟೆಯ ಬಿಳಿಯನ್ನು ಸಂಕಪ್ಪನವರು ನೊರೆ ಬರುವ ಹಾಗೆ ಬಡಿದು ಸೇರಿಸಿದರು. ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿದ್ದೂ ಅವರೇ. "ಸಿಹಿ ಕಮ್ಮಿ ಇರುವಲ್ಲಿ ಉಪ್ಪು ಬೇಕು, ಇಲ್ಲದಿದ್ದರೆ ನಾಲಿಗೆ ನಿದ್ದೆ ಮಾಡ್ತದೆ" ಎಂದರು. ಮಿಶ್ರಣವನ್ನು ತಟ್ಟೆಗೆ ಹಾಕಿ ಬಟ್ಟಲಿನ ಅಡಿಯಿಂದ ಅವರು ಒತ್ತಿ ಒತ್ತಿ ಸಮ ಮಾಡುವುದನ್ನು ಟೀಚರ್ ನಿಂತು ನೋಡಿದರು. ಆ ಕೈಗಳಿಗೆ ಇಷ್ಟು ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಡಿಮೆ ಬಿಸಿಯಲ್ಲಿ ಅರ್ಧ ಗಂಟೆ ಬೇಯಿಸಿ, ಪೂರ್ತಿ ತಣಿಯುವ ತನಕ ಯಾರೂ ಮುಟ್ಟಬಾರದೆಂದು ಟೀಚರ್ ಕಾವಲು ಕೂತರು. ಆಮೇಲೆ ಕತ್ತಿ ತಾಗಿಸಿದರೆ ಕರಕ್ ಎಂದು ನೇರ ಗೆರೆ ಬಂತು. ಇಪ್ಪತ್ತು ಬಾರು, ಇಪ್ಪತ್ತೂ ಇಡಿಯಾಗಿ. ಮೂವರೂ ನಿಂತಲ್ಲೇ ಒಂದೊಂದು ತಿಂದರು. ಹೊರಗೆ ಗರಿಗರಿ, ಒಳಗೆ ಸ್ವಲ್ಪ ಮೆತ್ತಗೆ, ಎಳ್ಳಿನ ಪರಿಮಳ, ಕೊನೆಯಲ್ಲಿ ಎಲ್ಲಿಯೋ ಒಂದು ಸಿಹಿ. ಟೀಚರ್ ಕಾಗದದ ಮೇಲೆ ಲೆಕ್ಕ ಹಾಕಿದರು. ಖರ್ಜೂರದ್ದು, ನೆಲಕಡಲೆಯದ್ದು ಎಲ್ಲ ಸೇರಿ ಒಂದು ಬಾರಿಗೆ ನಾಲ್ಕು ಗ್ರಾಂ ಸಕ್ಕರೆ, ಏಳೂವರೆ ಗ್ರಾಂ ಪ್ರೋಟೀನ್.

"ನಾಲ್ಕು!" ಎಂದು ಕೂಗಿ ಅವರು ಸಂಕಪ್ಪನವರ ಕೈ ಹಿಡಿದು ಒಂದು ಸುತ್ತು ತಿರುಗಿಯೇಬಿಟ್ಟರು. ತಿರುಗಿದ ಮೇಲೆ ರುಖಿಯಮ್ಮ ಅಲ್ಲೇ ಇದ್ದಾರೆಂಬುದು ನೆನಪಾಯಿತು. ರುಖಿಯಮ್ಮ ಒಲೆಯ ಕಡೆ ತಿರುಗಿ ಪಾಕವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅವರ ಬೆನ್ನು ಮಾತ್ರ ನಗುತ್ತಿತ್ತು.

ಮರುದಿನ ಸಂಜೆ ನಾಲ್ಕಕ್ಕೆ ಟೀಚರ್ ಚಹಾದ ಜೊತೆ ಒಂದು ಬಾರು ತಿಂದು, ಒಂದು ಗಂಟೆ ಬಿಟ್ಟು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಬಿಸ್ಕೆಟು ತಿಂದ ದಿನ ನೂರ ಎಪ್ಪತ್ತೆಂಟು ತೋರಿಸಿದ ಮಿಷನು ಈಗ ನೂರ ಇಪ್ಪತ್ತೊಂಬತ್ತು ಎಂದಿತು. ಜೊತೆಗಿರಲಿ ಎಂದು ಸಂಕಪ್ಪನವರೂ ಬೆರಳು ಚಾಚಿದರು. ಚುಚ್ಚುವ ಮೊದಲೇ "ಅಯ್ಯೋ" ಎಂದರು. "ಇನ್ನೂ ಚುಚ್ಚಲಿಲ್ಲ" ಎಂದರು ಟೀಚರ್.

ಮುಂದಿನ ಸೋಮವಾರ ಇಬ್ಬರೂ ನಲವತ್ತು ಬಾರುಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಶಾಫಿಯ ಅಂಗಡಿಗೆ ಹೋದರು. ಶಾಫಿ ಮೊದಲು ತಾನು ತಿಂದ. ಕಣ್ಣು ಮುಚ್ಚಿಕೊಂಡು ಜಗಿದ. "ಟೀಚರ್, ಮಾರಲಿಕ್ಕೆ ಲೈಸೆನ್ಸ್ ಬೇಕು. ಅದಕ್ಕೆ ಅರ್ಜಿ ನಾನೇ ಹಾಕಿಸ್ತೇನೆ. ಇವತ್ತು ಸುಮ್ಮನೆ ರುಚಿ ನೋಡಲಿಕ್ಕೆ ಕೊಡುವ." ಬಾಗಿಲಿನ ಹತ್ತಿರ ಒಂದು ಮೇಜು ಹಾಕಿಸಿದ. ಅದರ ಪಕ್ಕದಲ್ಲಿ ಬೇಳೆಯ ಆಫರ್ ಬರೆದಿದ್ದ ಬಿಳಿ ಬೋರ್ಡನ್ನು ಒರೆಸಿ ಟೀಚರಿಗೆ ಪೆನ್ನು ಕೊಟ್ಟ.

ಟೀಚರ್ ಎಲ್ಲವನ್ನೂ ಬರೆದರು. ಏನೇನು ಹಾಕಿದೆ, ಎಷ್ಟೆಷ್ಟು ಹಾಕಿದೆ. ಕೊನೆಯಲ್ಲಿ, 'ಇದರಲ್ಲಿ ಮೊಟ್ಟೆ ಇದೆ. ನೆಲಕಡಲೆ ಆಗದವರು ತಿನ್ನಬೇಡಿ. ಹೊಟ್ಟೆ ತುಂಬ ತಿಂದರೆ ಇದೂ ಒಳ್ಳೆಯದಲ್ಲ' ಎಂದೂ ಬರೆದರು.

"ಕೊನೆಯ ಸಾಲು ಬೇಡವಿತ್ತು" ಎಂದ ಶಾಫಿ.

"ಅದಕ್ಕೇ ನಿನಗೆ ಮೂವತ್ತೈದು ಬಂದದ್ದು" ಎಂದರು ಟೀಚರ್.

ಆದರೆ ಬಂದವರಿಗೆ ಬಾರು ಕೊಡುವಾಗ ಅವರ ನಾಲಿಗೆ ಕಟ್ಟಿತು. ಲೆಕ್ಕ ಹೇಳಿಕೊಡಲು ಗೊತ್ತು, ತಿನ್ನಿ ಎಂದು ಕರೆಯಲು ಗೊತ್ತಿಲ್ಲ. ಜನ ಬೋರ್ಡು ನೋಡಿ ದಾಟಿ ಹೋದರು. ಆಗ ಸಂಕಪ್ಪನವರು ಎದ್ದರು. ಕೈಚೀಲದಿಂದ ಬಿಳಿ ಬೈರಾಸು ತೆಗೆದು ಹೆಗಲಿಗೆ ಹಾಕಿಕೊಂಡು ಅಂಗಿಯ ತೋಳು ಮಡಚಿದರು.

"ಬನ್ನಿ ಬನ್ನಿ, ಅಕ್ಕ, ಒಂದು ತುಂಡು! ಮಗುವಿಗೆ ಸಣ್ಣದು ಕೊಡ್ತೇನೆ. ಸಾರ್, ಓಡಬೇಡಿ, ಬಸ್ಸು ಇನ್ನೊಂದು ಬರ್ತದೆ, ಈ ಬಾರು ಇನ್ನು ಸೋಮವಾರಕ್ಕೆ!"

ಸ್ವರ ಬೇರೆ, ನಡೆ ಬೇರೆ, ಬೆನ್ನು ಕೂಡ ನೆಟ್ಟಗಾಗಿತ್ತು. ಒಂದು ಕೈಯಲ್ಲಿ ನಾಲ್ಕು ತಟ್ಟೆ, ಇನ್ನೊಂದರಲ್ಲಿ ನೀರಿನ ಲೋಟಗಳು. ಕನ್ನಡ, ತುಳು, ಹಿಂದಿ, ಒಬ್ಬ ಮುದುಕರಿಗೆ ಕೊಂಕಣಿಯಲ್ಲಿಯೂ ಎರಡು ಮಾತು. ಟೀಚರ್ ಪುಣೆಗೆ ಹೋದದ್ದು ಎರಡೇ ಸಲ. ಎರಡು ಸಲವೂ ಹೋಟೆಲಿಗೆ ರಜೆ ಹಾಕಿ ಗಂಡ ಅವರಿಗೆ ಊರು ತೋರಿಸಿದ್ದರು. ಮೂವತ್ತೈದು ವರ್ಷ ಈ ಮನುಷ್ಯ ಹೀಗೆ ಇದ್ದರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಪೆನ್ನು ಹಿಡಿದುಕೊಂಡು ಬಾಯಿ ತೆರೆದು ನಿಂತರು.

ಅಷ್ಟರಲ್ಲಿ ರಂಜಿತ್ ಆರು ಜನ ಜಿಮ್ಮಿನ ಗೆಳೆಯರೊಂದಿಗೆ ಬಂದ. "ಏಳೂವರೆ ಗ್ರಾಂ ಕಮ್ಮಿ ಆಯ್ತಲ್ವಾ ಟೀಚರ್?" ಎಂದು ಒಬ್ಬ ಕೇಳಿದ್ದೇ ತಡ, ಟೀಚರ್ ಬೋರ್ಡಿಗೆ ತಿರುಗಿದರು. "ನಿನ್ನ ತೂಕ ಎಷ್ಟು? ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ಬೆಳಿಗ್ಗೆ ಏನು ತಿಂದೆ? ಹಿಂದೆ ನಿಂತವನೇ, ನೀನು ಹೇಳು!" ಹತ್ತು ನಿಮಿಷದಲ್ಲಿ ಆರು ಜನರ ಊಟವನ್ನು ಬೋರ್ಡಿನ ಮೇಲೆ ಬಿಡಿಸಿ, ಹುರುಳಿ, ಹೆಸರು, ಮೀನು, ಮೊಟ್ಟೆ ಎಲ್ಲವನ್ನೂ ಕೂಡಿಸಿ, ಯಾರಿಗೆ ಎಷ್ಟು ಕೊರತೆ ಎಂದು ತೋರಿಸಿಕೊಟ್ಟರು. ಹುಡುಗರು ನೋಟು ಬರೆದುಕೊಳ್ಳುವವರಂತೆ ಮೊಬೈಲಿನಲ್ಲಿ ಫೋಟೋ ತೆಗೆದರು. ತಟ್ಟೆ ಹಿಡಿದ ಸಂಕಪ್ಪನವರು ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದರು. ಹೆಂಡತಿ ಪಾಠ ಮಾಡುವುದನ್ನು ಅವರೂ ಮೊದಲ ಬಾರಿಗೆ ನೋಡುತ್ತಿದ್ದರು.

ನಲವತ್ತು ಬಾರು ಒಂದು ಗಂಟೆಯೊಳಗೆ ಖಾಲಿ.

ಲೈಸೆನ್ಸ್ ಬರಲು ಒಂದೂವರೆ ತಿಂಗಳು ಹಿಡಿಯಿತು. ಈಗ ರುಖಿಯಮ್ಮನ ಓವನ್ನಿನಲ್ಲಿ ವಾರಕ್ಕೆ ನೂರು ಬಾರು ಬೇಯುತ್ತದೆ. ಮೂವರದ್ದೂ ಸಮಪಾಲು. ಶಾಫಿ ಪೊಟ್ಟಣದ ಮೇಲೆ 'ಶಶಿ ಟೀಚರ್ ಬಾರ್' ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ. ಅದರಿಂದ ಒಂದು ಎಡವಟ್ಟಾಯಿತು. ಹಳೆಯ ಶಾಲೆಯ ಜಲಜಾಕ್ಷಿ ಟೀಚರ್ ಒಂದು ದಿನ ಬೆಳ್ತಂಗಡಿಯಿಂದ ಫೋನ್ ಮಾಡಿ, ಸ್ವರ ತಗ್ಗಿಸಿ ಕೇಳಿದರು. "ಶಶಿ ಟೀಚರ್, ಬೇಜಾರು ಮಾಡಬೇಡಿ. ಮೂಡುಬಿದಿರೆಯಲ್ಲಿ ನೀವು ಬಾರ್ ತೆರೆದಿದ್ದೀರಂತೆ ಹೌದಾ? ಹೆಡ್‌ಮಾಸ್ಟ್ರಿಗೆ ಯಾರೋ ಹೇಳಿದರಂತೆ. ನಿಮ್ಮ ಯಜಮಾನರು ಪುಣೆಯಿಂದ ಬಂದವರಲ್ವಾ, ಅಲ್ಲಿಯ ಅಭ್ಯಾಸ ಇರಬಹುದು ಅಂತ ಹೇಳಿದೆ."

ಟೀಚರ್ ಉತ್ತರ ಕೊಡಲು ಬಾಯಿ ತೆರೆದರು. ನಗು ಮಾತ್ರ ಬಂತು. ಫೋನನ್ನು ಗಂಡನ ಕೈಗೆ ಕೊಟ್ಟು ಸೋಫಾದ ಮೇಲೆ ಬಿದ್ದರು. ಸಂಕಪ್ಪನವರು ಗಂಭೀರವಾಗಿ, "ಹೌದು ಟೀಚರ್. ಬೆಳಿಗ್ಗೆಯೂ ತೆರೆದಿರ್ತದೆ, ಮಕ್ಕಳನ್ನೂ ಕರ್ಕೊಂಡು ಬನ್ನಿ" ಎಂದು ಫೋನ್ ಇಟ್ಟರು. ಆಮೇಲೆ ಸರಿಪಡಿಸಲು ಹನ್ನೆರಡು ಬಾರುಗಳನ್ನು ಬಸ್ಸಿನಲ್ಲಿ ಸ್ಟಾಫ್ ರೂಮಿಗೆ ಕಳುಹಿಸಬೇಕಾಯಿತು.

ಮೂರು ತಿಂಗಳ ವರದಿ ನೋಡಿ ಡಾಕ್ಟರು ತಲೆದೂಗಿದರು. ಟೀಚರ್ ಹೊರಗೆ ಬಂದಾಗ ಸಂಕಪ್ಪನವರು ಬೆಂಚಿನ ಮೇಲೆ ಮೊಬೈಲು ನೋಡುತ್ತಾ ಕೂತಿದ್ದರು.

"ಏನು ನೋಡ್ತಿದ್ದೀರಿ?"

"ರೈಲಿನ ಟಿಕೇಟು. ಮುಂದಿನ ತಿಂಗಳು ಪುಣೆಗೆ ಹೋಗುವ ಶಶಿ. ಈ ಸಲ ಊರು ನೋಡಲಿಕ್ಕಲ್ಲ. ಬೆಳಿಗ್ಗೆ ಆರಕ್ಕೆ ಹೋಟೆಲಿನ ಬಾಗಿಲು ತೆರೆಯುವಾಗ ಹೇಗಿರ್ತದೆ ಅಂತ ನಿನಗೆ ತೋರಿಸ್ತೇನೆ."

"ಸೋಮವಾರದ ನೂರು ಬಾರು ಯಾರು ಮಾಡುವುದು?"

"ರುಖಿಯಮ್ಮನ ಹತ್ತಿರ ನಿನ್ನೆಯೇ ಕೇಳಿ ಆಯ್ತು. ಹನಿಮೂನಿಗಾ ಅಂತ ಕೇಳಿದರು."

"ನೀವೇನು ಹೇಳಿದಿರಿ?"

"ಹೌದು ಅಂದೆ" ಎಂದರು ಸಂಕಪ್ಪ. ಟೀಚರ್ ಆಸ್ಪತ್ರೆಯ ಬೆಂಚೆಂಬುದನ್ನೂ ಮರೆತು ಅವರ ತೋಳಿಗೆ ಒಂದು ಗುದ್ದು ಹಾಕಿ, ಎರಡು ಟಿಕೇಟು ಕಿಟಕಿಯ ಬದಿಗೇ ಸಿಗುತ್ತದಾ ಎಂದು ನೋಡಲು ಪಕ್ಕದಲ್ಲಿ ಕೂತರು.